ಕೈ ಕುಲುಕಿದ ಮೇಲೆ ಕಂಡ ನಡೆ

ಮನೆಯಲ್ಲಿ ಚದುರಂಗದ ಮಣೆ ಇದ್ದರೆ ಈಗಲೇ ತಂದು ಎದುರಿಗಿಟ್ಟುಕೊಳ್ಳಿ. ಇಲ್ಲದಿದ್ದರೂ ಅಡ್ಡಿಯಿಲ್ಲ. ನಾನು ಹೇಳಹೊರಟಿರುವ ಆಟದ ಕೊನೆಗೆ ಮಣೆಯ ಮೇಲೆ ಉಳಿದಿದ್ದದ್ದು ನಾಲ್ಕೇ ಕಾಯಿ. ನಾಲ್ಕು ಕಾಯಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಯಾರಿಗೂ ಕಷ್ಟವಲ್ಲ.

ಈ ಆಟ ಆಡಿದವರಿಬ್ಬರೂ ಹವ್ಯಾಸಿಗಳು. ಒಬ್ಬಳು ನಾನು. ಮಗನನ್ನು ಪಂದ್ಯಾವಳಿಗಳಿಗೆ ಕರೆದುಕೊಂಡು ಹೋಗುತ್ತಾ ಹೋಗುತ್ತಾ ಈ ಆಟಕ್ಕೆ ಬಿದ್ದವಳು. ಚೆಸ್ ಆಡುವ ಮಕ್ಕಳ ತಂದೆ ತಾಯಂದಿರಿಗೆ ಆ ಕಾಯುವಿಕೆ ಗೊತ್ತಿರುತ್ತದೆ. ಒಳಗೆ ಪಂಖದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊರಗೆ ಜಮಖಾನ ಹಾಸಿಕೊಂಡು, ಮೊಸರನ್ನದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಬಾಗಿಲ ಕಡೆಗೇ ಕಣ್ಣು ನೆಟ್ಟು ಕೂತ ನಾವು. ಮಗು ಹೊರಗೆ ಬಂದಾಗ ಮುಖ ನೋಡಿದರೇ ಫಲಿತಾಂಶ ತಿಳಿಯುತ್ತದೆ, ಕೇಳಬೇಕಾಗಿಲ್ಲ. ಹಾಗೆ ಕಾಯುತ್ತಿದ್ದ ಆರೇಳು ವರ್ಷಗಳಲ್ಲಿ ಮಗನ ಹಳೆಯ ಪುಸ್ತಕಗಳನ್ನು ತಿರುವಿ ಹಾಕುತ್ತಾ ನಾನೂ ಕಲಿತೆ. ಮಗ ಎಂಜಿನಿಯರಿಂಗಿಗೆ ಹೋದವನು ಆಟ ಬಿಟ್ಟ. ನಾನು ಬಿಡಲಿಲ್ಲ.

ಬೀಜ ಅದಕ್ಕಿಂತ ಹಿಂದಿನದು. ನಮ್ಮ ಅಜ್ಜ ಜಗಲಿಯ ಮೇಲೆ ಆಡಿಸುತ್ತಿದ್ದ ಚದುರಂಗದ ಕ್ರಮವೇ ಬೇರೆ ಇತ್ತು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ. ರಾಜನಿಗೆ ಕೋಟೆ ಕಟ್ಟುವ ಅವಕಾಶವಿಲ್ಲ, ಬದಲಿಗೆ ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು. ಕಾಲಾಳು ಆಚೆಯ ದಡ ಮುಟ್ಟಿದರೆ ಆ ಮನೆ ಯಾವ ಕಾಯಿಯದೋ ಆ ಕಾಯಿಯೇ ಆಗಬೇಕು: ಮೂಲೆ ಮುಟ್ಟಿದರೆ ಆನೆ, ಅದರ ಪಕ್ಕದ ಮನೆಯಾದರೆ ಕುದುರೆ. ಇಂದಿನ ಮಕ್ಕಳು ಕ್ವೀನ್, ಬಿಷಪ್, ರೂಕ್ ಎನ್ನುತ್ತಾರೆ. ನನ್ನ ಬಾಯಿಗೆ ಇವತ್ತಿಗೂ ಬರುವುದು ಮಂತ್ರಿ, ಒಂಟೆ, ಆನೆ. ಈ ಮಾತಿನಲ್ಲೂ ಅವನ್ನೇ ಬಳಸುತ್ತೇನೆ.

ಎದುರಾಳಿ ಚನ್ನಗಿರಿ ಕಡೆಯವರು, ವಿದ್ಯುತ್ ಲೈನ್‌ಮನ್. ಕಂಬ ಹತ್ತಿ ಹತ್ತಿ ಗಡುಸಾದ ಬೆರಳುಗಳು. ಆ ಬೆರಳುಗಳಲ್ಲಿ ಅವರು ಕಾಯಿಯನ್ನು ಎತ್ತಿ ಇಡುತ್ತಿದ್ದದ್ದು ಮಾತ್ರ ಹೂವಿನ ಪಕಳೆ ಎತ್ತಿಟ್ಟ ಹಾಗೆ. ಊರು ದಾವಣಗೆರೆ. ಜಾಗ ಒಂದು ಕಲ್ಯಾಣ ಮಂಟಪ. ವಧೂವರರು ಕೂರುವ ವೇದಿಕೆಯ ಮೇಲೆ ಮೊದಲ ಹತ್ತು ಮಣೆಗಳು. ಬಿರುದು ಪಡೆದವರು, ರೇಟಿಂಗ್ ಹೆಚ್ಚಿದ್ದವರು ಅಲ್ಲಿ. ನಾವು ಊಟದ ಹಾಲಿನ ಹತ್ತಿರ, 87ನೇ ಮಣೆಯಲ್ಲಿ. ಐದನೆಯ ಸುತ್ತು.

ಇಂಥ ಪಂದ್ಯಾವಳಿಗಳಲ್ಲಿ ಸೋತವರು ಹೊರಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಸರಿಸುಮಾರು ಸಮಾನ ಅಂಕ ಪಡೆದವರನ್ನು ಎದುರುಬದುರು ಕೂರಿಸುತ್ತಾರೆ. ಇದಕ್ಕೆ ಸ್ವಿಸ್ ಪದ್ಧತಿ ಎಂದು ಹೆಸರು. 1895ರಲ್ಲಿ ಜೂರಿಕ್‌ನ ಪಂದ್ಯಾವಳಿಯೊಂದರಲ್ಲಿ ಮೊದಲು ಬಳಕೆಗೆ ಬಂದದ್ದು. ಆ ಇಸವಿಯನ್ನು ನೆನಪಿನಲ್ಲಿಡಿ, ಅದಕ್ಕೆ ಮತ್ತೆ ಬರುತ್ತೇನೆ. ನನ್ನಂಥವರು ಪಂದ್ಯಾವಳಿಗೆ ಹೋಗುವುದಕ್ಕೆ ಈ ಪದ್ಧತಿಯೇ ಕಾರಣ. ಮೂರು ಆಟ ಸೋತರೂ ನಾಲ್ಕನೆಯದಕ್ಕೆ ನಿಮಗಾಗಿ ಒಂದು ಕುರ್ಚಿ, ನಿಮ್ಮಷ್ಟೇ ಬಲದ ಒಬ್ಬ ಎದುರಾಳಿ, ಒಂದು ಗಡಿಯಾರ ಕಾದಿರುತ್ತವೆ.

ಗಡಿಯಾರದಲ್ಲಿ ಇಬ್ಬರಿಗೂ ತಲಾ 90 ನಿಮಿಷ, ಆಡಿದ ಪ್ರತಿ ನಡೆಗೂ 30 ಸೆಕೆಂಡು ಸೇರ್ಪಡೆ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಮೊಬೈಲು ಹತ್ತಿರ ಇರಕೂಡದು. ಮನೆಯ ಆಟಕ್ಕೂ ಪಂದ್ಯದ ಆಟಕ್ಕೂ ಇರುವ ವ್ಯತ್ಯಾಸ ಇಷ್ಟೇ ಎಂದು ಕಾಣಬಹುದು. ಮನೆಯಲ್ಲಿ, "ಅಯ್ಯೋ ತಡಿ, ಅದನ್ನ ನೋಡಿರಲಿಲ್ಲ" ಎಂದರೆ ನಡೆ ವಾಪಸು ಸಿಗುತ್ತದೆ. ಇಲ್ಲಿ ಯಾವುದೂ ವಾಪಸು ಇಲ್ಲ. ಬರೆದದ್ದು ಬರೆದ ಹಾಗೆಯೇ ಇರುತ್ತದೆ. ಆ ಒಂದು ಕಾರಣಕ್ಕೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ.

ಅವರದು ಬಿಳಿ, ನನ್ನದು ಕಪ್ಪು. ಆರಂಭ ಇಟಾಲಿಯನ್. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ, ಕುದುರೆ ಹೊರಗೆ ತಂದು, ಆಮೇಲೆ ಒಂಟೆ. ಎಂಟು ಹತ್ತು ನಡೆಗಳವರೆಗೆ ಪುಸ್ತಕದ ನೆನಪು ಕೈ ಹಿಡಿಯಿತು. ಅಲ್ಲಿಂದ ಮುಂದೆ ನಮ್ಮ ನಮ್ಮ ಬುದ್ಧಿ. ನಡುವಿನ ಆಟವನ್ನೆಲ್ಲ ಹೇಳಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು. 26ನೇ ನಡೆಯಿಂದ ಮುಂದೆ ನನ್ನ ಒಂದು ಆನೆ ಮೂರು ನಡೆಗಳ ಕಾಲ ಕಾವಲಿಲ್ಲದೆ ನಿಂತಿತ್ತು. ಅವರ ಒಂಟೆ ಅದನ್ನು ಸುಮ್ಮನೆ ಎತ್ತಿಕೊಳ್ಳಬಹುದಿತ್ತು. ನನಗೆ ಕಾಣಲಿಲ್ಲ, ಅವರಿಗೂ ಕಾಣಲಿಲ್ಲ. ಇಬ್ಬರೂ ಮಂತ್ರಿಯ ಬದಿಯಲ್ಲಿ ನಡೆಯುತ್ತಿದ್ದ ಒಂದು ಕಾಲಾಳಿನ ಜಗಳದಲ್ಲಿ ಮುಳುಗಿದ್ದೆವು. ಮನೆಗೆ ಬಂದು ಆಟವನ್ನು ಮತ್ತೆ ಹಾಕಿ ನೋಡುವಾಗ ಆ ಆನೆ ಕಣ್ಣಿಗೆ ಬಿದ್ದು ಮೈ ಜುಮ್ಮೆಂದಿತು.

ತಪ್ಪು ಒಬ್ಬರದು, ಅದನ್ನು ಹಿಡಿಯುವವರು ಇನ್ನೊಬ್ಬರು ಎಂಬುದು ದೊಡ್ಡ ಆಟಗಾರರ ಲೆಕ್ಕ. ನಮ್ಮ ಮಟ್ಟದಲ್ಲಿ ಇಬ್ಬರು ಸೇರಿ ಒಂದನ್ನು ನಂಬಿಬಿಡುತ್ತೇವೆ. ಆ ನಂಬಿಕೆ ಸುಳ್ಳಾದರೂ ಆಟ ಅದರ ಮೇಲೆಯೇ ನಡೆಯುತ್ತದೆ. ಆನೆಗೆ ಕಾವಲಿದೆ ಎಂದು ನಾನು ಅಂದುಕೊಂಡಿದ್ದೆ. ನಾನು ಅಷ್ಟು ನಿರಾಳವಾಗಿ ಕೂತದ್ದನ್ನು ನೋಡಿ ಅವರೂ ಅದನ್ನೇ ಅಂದುಕೊಂಡರು. ಎದುರು ಕೂತವರ ಧೈರ್ಯವನ್ನು ನಾವು ಮಣೆಗಿಂತ ಹೆಚ್ಚು ಓದುತ್ತೇವೆ.

ಮೂರೂವರೆ ತಾಸು ಕಳೆಯಿತು. ಹಾಲಿನಲ್ಲಿ ಹೆಚ್ಚಿನ ಮಣೆಗಳು ಖಾಲಿಯಾಗಿದ್ದವು. ಅವರ ಬಳಿ ರಾಜ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ, ಅಂಚಿನ ಸಾಲಿನಲ್ಲಿ ಒಂದು ಕಾಲಾಳು, ಅದರ ಪಕ್ಕದ ಸಾಲಿನಲ್ಲಿ ಇನ್ನೊಂದು. ನನ್ನ ಬಳಿ ರಾಜ ಮತ್ತು ಒಂದು ಕುದುರೆ. ಎರಡೂ ಕಾಲಾಳುಗಳು ಒಟ್ಟಿಗೆ ಮುಂದೆ ಬಂದರೆ ನನ್ನ ಕತೆ ಮುಗಿಯುತ್ತದೆ ಎಂದು ಗೊತ್ತಿತ್ತು. 61ನೇ ನಡೆಯಲ್ಲಿ ಬೇರೇನೂ ತೋಚದೆ ಕುದುರೆಯನ್ನು ಬಲಿ ಕೊಟ್ಟು ಒಳಗಿನ ಕಾಲಾಳನ್ನು ತೆಗೆದೆ. ಅವರ ರಾಜ ನನ್ನ ಕುದುರೆಯನ್ನು ತೆಗೆದ.

ಈಗ ಉಳಿದ ನಾಲ್ಕು ಕಾಯಿ: ಅವರ ರಾಜ, ಅವರ ಬಿಳಿಮನೆ ಒಂಟೆ, ಅವರ ಅಂಚಿನ ಕಾಲಾಳು, ನನ್ನ ಒಂಟಿ ರಾಜ. ಆ ಕಾಲಾಳು ಮಂತ್ರಿಯಾಗಬೇಕಾದರೆ ನನ್ನ ಎಡಗೈ ಬದಿಯ ಮೂಲೆಯ ಮನೆಗೆ, ಅಂದರೆ ಎಚ್-8ಕ್ಕೆ, ಬರಬೇಕು. ನನ್ನ ರಾಜ ಆ ಮೂಲೆಗೆ ಕರ್ಣದಲ್ಲಿ ತಾಗಿದ ಮನೆಯಲ್ಲೇ ನಿಂತಿದ್ದ.

ಮಣೆ ನೋಡಿದೆ. ಅವರಿಗೆ ಒಂದು ಒಂಟೆ ಹೆಚ್ಚು, ಒಂದು ಕಾಲಾಳು ಹೆಚ್ಚು. ನನಗೆ ಏನೂ ಇಲ್ಲ. ಗಡಿಯಾರ ನಿಲ್ಲಿಸಿ ಕೈ ಚಾಚಿದೆ. ಅವರು ಕೈ ಕುಲುಕಿ, ಉದ್ದನೆಯ ಉಸಿರು ಬಿಟ್ಟು, "ಚೆನ್ನಾಗಿ ಆಡಿದ್ರಿ ಅಕ್ಕಾ" ಅಂದರು. ಹಾಳೆಯಲ್ಲಿ ಬಿಳಿಗೆ ಒಂದು, ಕಪ್ಪಿಗೆ ಸೊನ್ನೆ. ಇಬ್ಬರೂ ಸಹಿ ಹಾಕಿದೆವು.

ಪಕ್ಕದ ಮಣೆಯ ಹತ್ತಿರ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ತನ್ನ ಆಟ ಮುಗಿಸಿ ನಮ್ಮದನ್ನು ನೋಡುತ್ತಿದ್ದವಳು. ನಾವು ಎದ್ದು ಬಾಗಿಲು ದಾಟುವವರೆಗೂ ಬಾಯಿ ಬಿಡಲಿಲ್ಲ. ದಾಟಿದ ಕೂಡಲೇ ನನ್ನ ಸೆರಗು ಹಿಡಿದು, "ಆಂಟಿ, ಅದು ಡ್ರಾ ಅಲ್ವಾ? ರಾಂಗ್ ಬಿಷಪ್ ಅಲ್ವಾ?" ಅಂತ ಕೇಳಿದಳು.

ಕೇಳುಗರೇ, ಆ ಮಗುವಿನ ಮಾತು ನೂರಕ್ಕೆ ನೂರು ನಿಜ. ಯಾಕೆ ಎಂಬುದನ್ನು ನಿಧಾನವಾಗಿ ನೋಡೋಣ. ಮಣೆಯನ್ನು ಸರಿಯಾಗಿ ಇಟ್ಟರೆ ಪ್ರತಿಯೊಬ್ಬರ ಬಲಗೈ ಮೂಲೆ ಬಿಳಿ, ಎಡಗೈ ಮೂಲೆ ಕಪ್ಪು. ಒಂಟೆ ಹುಟ್ಟಿದ ಬಣ್ಣ ಬಿಡುವುದಿಲ್ಲ. 64 ಮನೆಗಳಲ್ಲಿ ಅದಕ್ಕೆ ಸೇರಿದ್ದು 32 ಮಾತ್ರ. ನನ್ನ ಎಡಗೈ ಮೂಲೆ ಕಪ್ಪು, ಅವರ ಒಂಟೆ ಬಿಳಿ ಮನೆಯದು. ಆ ಮೂಲೆಯನ್ನು ಅದು ಆಟ ಮುಗಿಯುವವರೆಗೂ ಮುಟ್ಟಲಾರದು. ನನ್ನ ರಾಜ ಆ ಮೂಲೆಯಲ್ಲಿ ಹೋಗಿ ಕೂತರೆ ಎಬ್ಬಿಸುವವರು ಯಾರು? ಕಾಲಾಳು ಹತ್ತಿರ ಬರಬಹುದು, ಅವರ ರಾಜ ಬರಬಹುದು, ಒಂಟೆ ಪಕ್ಕದ ಬಿಳಿ ಮನೆಯನ್ನು ಕಾಯಬಹುದು. ಹಾಗೆ ಎಲ್ಲ ದಾರಿಯನ್ನೂ ಮುಚ್ಚಿದರೆ ನನ್ನ ರಾಜನಿಗೆ ಚೆಕ್ಕೂ ಇಲ್ಲ, ನಡೆಯೂ ಇಲ್ಲ. ಅದು ಸ್ಟೇಲ್‌ಮೇಟ್, ಆಟ ಡ್ರಾ. ದಾರಿ ಬಿಟ್ಟರೆ ನನ್ನ ರಾಜ ಮೂಲೆಯಿಂದ ಪಕ್ಕಕ್ಕೆ, ಪಕ್ಕದಿಂದ ಮೂಲೆಗೆ ಹೋಗಿ ಬರುತ್ತಾ ಇರುತ್ತಾನೆ. ಅದೂ ಡ್ರಾ. ಅದೇ ಒಂಟೆ ಕಪ್ಪು ಮನೆಯದಾಗಿದ್ದರೆ ಮೂಲೆಗೇ ಚೆಕ್ ಕೊಟ್ಟು ಓಡಿಸುತ್ತಿತ್ತು, ಅವರು ಗೆಲ್ಲುತ್ತಿದ್ದರು. ಒಂದು ಮನೆಯ ಬಣ್ಣದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ.

ಬೇರೇನೂ ತೋಚದೆ ನಾನು ಕೊಟ್ಟ ಕುದುರೆಯ ಬಲಿಯೇ ಡ್ರಾವನ್ನು ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ನನ್ನ ಕೈಗೆ ತಂದುಕೊಟ್ಟಿತ್ತು. ನನ್ನನ್ನು ಉಳಿಸಿದ ನಡೆಯನ್ನು ಆಡಿ, ಅದು ಉಳಿಸಿದೆ ಎಂದು ತಿಳಿಯದೆ ಆಟ ಬಿಟ್ಟುಕೊಟ್ಟಿದ್ದೆ. ಲೈನ್‌ಮನ್ ಅಣ್ಣನೂ ಹಾಗೆಯೇ. ಗೆದ್ದೆ ಎಂದು ಅವರು ಮನಸಾರೆ ನಂಬಿದ್ದರು. ಸೋತೆ ಎಂದು ನಾನು ಮನಸಾರೆ ನಂಬಿದ್ದೆ. ಮಣೆಗೆ ಮಾತ್ರ ಬೇರೆ ಸಂಗತಿ ಗೊತ್ತಿತ್ತು.

ನಾನು ಸೋಲೊಪ್ಪಿದ ಹೊತ್ತಿನಲ್ಲಿ ನಮ್ಮ ಹಿಂದೆ ಪಂದ್ಯದ ತೀರ್ಪುಗಾರರು, ಆರ್ಬಿಟರ್ ಒಬ್ಬರು, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ಅವರಿಗೆ ತಿಳಿದಿರಲೇಬೇಕು. ಆದರೆ ನಿಯಮದಂತೆ ಅವರು ಸುಳಿವು ಕೊಡುವಂತಿಲ್ಲ, ನೋಡುತ್ತಾ ನಿಂತವರೂ ತುಟಿ ಬಿಚ್ಚುವಂತಿಲ್ಲ. ಒಬ್ಬರು ಸೋಲೊಪ್ಪಿದ ಆ ಗಳಿಗೆಗೆ ಆಟ ಮುಗಿಯಿತು. ಆ ಪುಟ್ಟ ಹುಡುಗಿ ಬಾಗಿಲವರೆಗೂ ಮಾತನ್ನು ಹಿಡಿದಿಟ್ಟುಕೊಂಡದ್ದು ನೆನೆದರೆ ಇವತ್ತಿಗೂ ಅವಳ ಮೇಲೆ ಗೌರವ ಬರುತ್ತದೆ.

ಅಂದು ರಾತ್ರಿ ನನಗೆ ನೆನಪಾದದ್ದು ಅದೇ 1895ರ ಇನ್ನೊಂದು ಸಂಗತಿ. ಅದು ಮಗನ ಪುಸ್ತಕದಲ್ಲಿ ಓದಿದ್ದ ಕತೆ. ಅದರ ಬೇರು ಇನ್ನೂ ಇಪ್ಪತ್ತು ವರ್ಷ ಹಿಂದಿನದು. 1875ರಲ್ಲಿ ಲಂಡನ್ನಿನ ಫೆಂಟನ್ ಮತ್ತು ಪಾಟರ್ ಎಂಬ ಇಬ್ಬರು ಆಡಿದ ಆಟ ಡ್ರಾ ಎಂದು ಒಪ್ಪಿಗೆಯಲ್ಲಿ ಮುಗಿಯಿತು. ಒಂದು ಕಡೆ ರಾಜ, ಇನ್ನೇನು ಮಂತ್ರಿಯಾಗಲಿರುವ ಕಾಲಾಳು. ಇನ್ನೊಂದು ಕಡೆ ಅದನ್ನು ತಡೆಯಲು ನಿಂತ ಆನೆ. ಇಬ್ಬರೂ ಅದನ್ನು ಡ್ರಾ ಎಂದು ನಂಬಿದರು. ಆ ಕಾಲದ ಹೆಸರಾಂತ ಆಟಗಾರ ಝುಕರ್ಟಾರ್ಟ್, ಇದು ಡ್ರಾ ಅಲ್ಲ, ಬಿಳಿಗೆ ಗೆಲುವಿತ್ತು ಎಂದು ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಪಾಟರ್ 1895ರಲ್ಲಿ ತೀರಿಕೊಂಡರು. ಗ್ಲಾಸ್ಗೋ ನಗರದ ವಾರಪತ್ರಿಕೆಯಲ್ಲಿ ಚೆಸ್ ಅಂಕಣ ಬರೆಯುತ್ತಿದ್ದ ಬಾರ್ಬಿಯರ್ ಆ ಹಳೆಯ ಆಟವನ್ನು ನೆನಪಿನಿಂದ ಮತ್ತೆ ಮುದ್ರಿಸಿದರು. ನೆನಪು ಕೊಂಚ ತಪ್ಪಿ ಕಾಯಿಗಳ ಜಾಗ ಬದಲಾಯಿತು. ಮುಂದಿನ ವಾರಗಳಲ್ಲಿ ಅವರು ಕಪ್ಪು ರಾಜನನ್ನು ದೂರದ ಮೂಲೆಗೆ ಸರಿಸಿ ಹೊಸ ಸಮಸ್ಯೆ ಮಾಡಿದರು: ಕಪ್ಪು ಆಡಿ ಡ್ರಾ ಮಾಡಬೇಕು.

ಅವರ ಉತ್ತರ ಸೊಗಸಾಗಿತ್ತು. ಆನೆ ಸಾಲಿನಲ್ಲಿ ಇಳಿಯುತ್ತಾ ಚೆಕ್ ಕೊಡುತ್ತದೆ, ಬಿಳಿ ರಾಜ ಮೆಟ್ಟಿಲಿಳಿದ ಹಾಗೆ ಒಂದೊಂದೇ ಮನೆ ಕೆಳಗೆ ಬರುತ್ತಾನೆ. ಕೊನೆಗೆ ಚೆಕ್ ಮುಗಿದು ಕಾಲಾಳು ಮಂತ್ರಿಯಾಗುತ್ತದೆ. ಆಗ ಕಪ್ಪು ಆನೆ ತನ್ನನ್ನೇ ಬಲಿ ಕೊಟ್ಟು ಚೆಕ್ ಕೊಡುತ್ತದೆ. ಮಂತ್ರಿ ಅದನ್ನು ತೆಗೆಯಲೇಬೇಕು. ತೆಗೆದರೆ ಮೂಲೆಯ ಕಪ್ಪು ರಾಜನಿಗೆ ನಡೆಯೇ ಇಲ್ಲ. ಸ್ಟೇಲ್‌ಮೇಟ್. ಇದನ್ನು ಓದಿದವರೆಲ್ಲ ಒಪ್ಪಿದರು. ಗ್ಲಾಸ್ಗೋದಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಫರ್ನಾಂಡೊ ಸಾವೆದ್ರಾ ಒಪ್ಪಲಿಲ್ಲ. ಅವರು ದೊಡ್ಡ ಆಟಗಾರರಲ್ಲ, ಹವ್ಯಾಸಿ. ಅವರು ಹೇಳಿದ್ದು ಒಂದೇ ಮಾತು: ಕಾಲಾಳನ್ನು ಮಂತ್ರಿ ಮಾಡಬೇಡಿ, ಆನೆ ಮಾಡಿ. ಆನೆಯಾದರೆ ಸ್ಟೇಲ್‌ಮೇಟ್ ಇಲ್ಲ. ಬದಲಿಗೆ ಮರುನಡೆಯಲ್ಲೇ ಅಂಚಿನ ಸಾಲಿನಲ್ಲಿ ಮಾತ್ ಆಗುವ ಬೆದರಿಕೆ. ಕಪ್ಪು ಆನೆ ಅದನ್ನು ತಡೆಯಲು ಹೋದರೆ ಬಿಳಿ ರಾಜ ಒಂದು ಹೆಜ್ಜೆ ಇಟ್ಟು ಆ ಆನೆಯನ್ನೂ ಮುಟ್ಟುತ್ತಾನೆ, ಇನ್ನೊಂದು ಕಡೆಯಿಂದ ಮಾತ್‌ಗೂ ದಾರಿ ತೆರೆಯುತ್ತಾನೆ. ಎರಡನ್ನೂ ಒಟ್ಟಿಗೆ ತಪ್ಪಿಸಲಾಗದು. ಬಿಳಿಗೆ ಗೆಲುವು.

ಒಂದೇ ಆಟದ ಎಳೆ. ಮೊದಲು ಇಬ್ಬರು ಡ್ರಾ ಎಂದರು, ಝುಕರ್ಟಾರ್ಟ್ ಗೆಲುವು ಎಂದರು, ಜಾಗ ಬದಲಿಸಿದ ಬಾರ್ಬಿಯರ್ ಡ್ರಾ ಎಂದರು, ಪಾದ್ರಿ ಗೆಲುವು ಎಂದರು. ಸಾವೆದ್ರಾ ಹೆಸರು ಇವತ್ತು ಲೋಕದಲ್ಲೆಲ್ಲ ಉಳಿದಿರುವುದು ಆ ಒಂದು ನಡೆಯಿಂದ. ನನ್ನ ಅಜ್ಜನ ಜಗಲಿಯ ಕ್ರಮದಲ್ಲಿ ಆ ಕಾಲಾಳು ಆನೆಯಾಗಲು ಬರುತ್ತಲೇ ಇರಲಿಲ್ಲ. ಅದು ಮುಟ್ಟಿದ್ದು ಒಂಟೆಯ ಮನೆ, ಒಂಟೆಯೇ ಆಗಬೇಕಿತ್ತು!

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1902ರಲ್ಲಿ ಮಾಂಟೆ ಕಾರ್ಲೋದಲ್ಲಿ ವಿಯೆನ್ನಾದ ಗಿಯಾರ್ಗ್ ಮಾರ್ಕೋ, ಫಾನ್ ಪೋಪಿಯೆಲ್ ಎದುರು ಆಡುತ್ತಿದ್ದಾಗ ತಮ್ಮ ಒಂಟೆ ಕಟ್ಟುಬಿದ್ದಿದೆ, ಇನ್ನು ಉಳಿಯದು ಎಂದು ಸೋಲೊಪ್ಪಿದರು. ಅದೇ ಒಂಟೆಯನ್ನು ಬಿಳಿ ರಾಜನ ಪಕ್ಕದ ಮನೆಗೆ ನೆಗೆಸಿದ್ದರೆ ಗೆಲುವೇ ಅವರದಾಗಿತ್ತು. ನಾನು ಡ್ರಾ ಬಿಟ್ಟುಕೊಟ್ಟೆ, ಅವರು ಗೆಲುವನ್ನೇ ಬಿಟ್ಟುಕೊಟ್ಟರು.

ಎದುರಾಳಿಯೇ ಇಲ್ಲದ ಚದುರಂಗವೂ ಉಂಟು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚದುರಂಗದ ಮೇಲೆ ಬಲು ಪ್ರೀತಿ. ಕುದುರೆ ಒಂದು ಮನೆಯನ್ನೂ ಎರಡನೇ ಸಲ ಮುಟ್ಟದೆ 64 ಮನೆಗಳನ್ನೂ ಸುತ್ತಿ ಬರುವ ಬಂಧಗಳನ್ನು ಅವರು ರಚಿಸಿದರು. ಅದು ಒಬ್ಬರೇ ಕೂತು ನೇಯುವ ಕೆಲಸ. ಎಲ್ಲವೂ ಒಂದೇ ಮನಸ್ಸಿನ ಹತೋಟಿಯಲ್ಲಿರುತ್ತದೆ. ಪಂದ್ಯದ ಆಟ ಹಾಗಲ್ಲ. ಅದನ್ನು ಇಬ್ಬರು ಕಟ್ಟುತ್ತಾರೆ, ಒಬ್ಬರ ಕಣ್ಣಿನ ಮಬ್ಬು ಇನ್ನೊಬ್ಬರ ಕಣ್ಣಿಗೂ ಅಂಟುತ್ತದೆ. ಆಟ ಮುಗಿದ ಮೇಲೆ ಇಬ್ಬರೂ ಕೂತು ಮತ್ತೆ ನೋಡುವ ಪದ್ಧತಿ ನನಗೆ ಆಟದಷ್ಟೇ ಮುಖ್ಯ ಎನಿಸುವುದು ಅದಕ್ಕೇ. ಗೆದ್ದು ಎದ್ದು ಹೋಗಿಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಾಲ್ಕು ತಾಸು ನನ್ನ ಜೊತೆ ಯೋಚಿಸಿದವರು ಇನ್ನೊಂದು ಕಾಲು ತಾಸು ಕೂರಬಾರದೇ?

ಲೈನ್‌ಮನ್ ಅಣ್ಣ ಕೂತರು. ಆ ಸಂಜೆಯನ್ನು ಹೇಳಲಿಕ್ಕೆಂದೇ ನಾನು ಇಲ್ಲಿಗೆ ಬಂದದ್ದು. ಹುಡುಗಿ ಡ್ರಾ ಎಂದಾಗ ಅವರ ಮುಖ ಬಾಡಿತು, ಆದರೆ ಎದ್ದು ಹೋಗಲಿಲ್ಲ. ಮಂಟಪದ ಎದುರಿನ ಅಂಗಡಿಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಚೀಲದಿಂದ ಸುರುಳಿ ಸುತ್ತಿದ ಮಣೆ ತೆಗೆದು ಮೆಟ್ಟಿಲ ಮೇಲೆ ಹರಡಿದರು. "ಬರ್ರಿ ಅಕ್ಕಾ, ಹೆಂಗಾತು ನೋಡೋಣ" ಎಂದರು.

ನಾಲ್ಕು ಕಾಯಿ ಇಟ್ಟೆವು. ಅವರು ಗೆಲ್ಲಲು ಹೊರಟರು. ಮೊದಲು ಕಾಲಾಳನ್ನು ಓಡಿಸಿ ನೋಡಿದರು. ನನ್ನ ರಾಜ ಮೂಲೆಗೆ ಹೋಗಿ ಕೂತ. ಸ್ಟೇಲ್‌ಮೇಟ್. ಆಮೇಲೆ ಕಾಲಾಳನ್ನು ಹಿಂದೆಯೇ ನಿಲ್ಲಿಸಿ ರಾಜನನ್ನು ಮುಂದೆ ತಂದರು. ಮೂಲೆಯ ಬಾಗಿಲು ಮುಚ್ಚಲು ಆಗಲಿಲ್ಲ. ಒಂಟೆಯನ್ನು ದೂರದಿಂದ, ಹತ್ತಿರದಿಂದ, ಎದುರಿನಿಂದ ತಂದು ನೋಡಿದರು. ಕರೆಂಟು ಎಲ್ಲಿ ಹೋಗಿದೆ ಎಂದು ಕಂಬದಿಂದ ಕಂಬಕ್ಕೆ ಹುಡುಕಿಕೊಂಡು ಹೋಗುವ ಕೆಲಸ ಅವರದು. ಅದೇ ತಾಳ್ಮೆಯಿಂದ ಒಂದೊಂದೇ ದಾರಿಯನ್ನು ಪರೀಕ್ಷಿಸಿ ಬಿಟ್ಟರು. ಹುಡುಗಿ ಪಕ್ಕದಲ್ಲಿ ಕೂತು ಮಂಡಕ್ಕಿ ತಿನ್ನುತ್ತಾ, ಒಮ್ಮೊಮ್ಮೆ, "ಅಂಕಲ್, ಅದೂ ಆಗಲ್ಲ" ಎನ್ನುತ್ತಿದ್ದಳು. ಆಮೇಲೆ ಮಣೆ ತಿರುಗಿಸಿದೆವು. ನಾನು ಬಿಳಿ, ಅವರು ಒಂಟಿ ರಾಜ. ಈಗ ನಾನು ಗೆಲ್ಲಲು ಪ್ರಯತ್ನಿಸಿದೆ. ನನಗೂ ಆಗಲಿಲ್ಲ.

ಅವರು ಮಣೆಯನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದು, "ಅಕ್ಕಾ, ನಾನು ಗೆದ್ದಿಲ್ಲ" ಎಂದರು. "ಸಹಿ ಮಾಡಿ ಆಗೇತಿ. ಇಲ್ಲಂದ್ರೆ ಅರ್ಧ ಅರ್ಧ ಹಂಚ್ಕೋತಿದ್ವಿ." ನಾನು, ನೀವು ಸೋತೂ ಇಲ್ಲ, ನಾನೇ ಬಿಟ್ಟುಕೊಟ್ಟದ್ದು, ಅಂಕ ನ್ಯಾಯವಾಗಿ ನಿಮ್ಮದೇ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅಂಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಚೆಸ್ ಆಟಗಾರರ ಬಲವನ್ನು ಅಳೆಯುವ ರೇಟಿಂಗ್, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ಅವರ ಕೊಡುಗೆ. ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಅವರ ರೇಟಿಂಗ್ ನನಗಿಂತ 80 ಹೆಚ್ಚು. ಆ ಅಂತರಕ್ಕೆ ಒಂದು ಆಟದಿಂದ ನನಗೆ ನಿರೀಕ್ಷೆ 0.39 ಅಂಕ. ಸೋತದ್ದರಿಂದ ಸುಮಾರು 8 ರೇಟಿಂಗ್ ಅಂಕ ಕಳೆಯಿತು. ಡ್ರಾ ಆಗಿದ್ದರೆ 2 ಅಂಕ ಸೇರುತ್ತಿತ್ತು. ನನ್ನಂಥವಳಿಗೆ 10 ಅಂಕದ ವ್ಯತ್ಯಾಸ ಸಣ್ಣದಲ್ಲ. ಎಲೋ ಲೆಕ್ಕಕ್ಕೆ ಬೇಕಾದದ್ದು ಹಾಳೆಯ ಮೇಲಿನ ಫಲಿತಾಂಶ. ಮೆಟ್ಟಿಲ ಮೇಲೆ ನಾವು ಕಂಡುಕೊಂಡದ್ದಕ್ಕೆ ಅದರಲ್ಲಿ ಜಾಗವಿಲ್ಲ, ಇರಲೂ ಸಾಧ್ಯವಿಲ್ಲ.

ಮಾರನೆಯ ದಿನಕ್ಕೊಂದು ಮದುವೆ ಗೊತ್ತಾಗಿತ್ತೋ ಏನೋ, ಮಂಟಪದವರು ಬಾಳೆಕಂಬ ತಂದು ಬಾಗಿಲಿಗೆ ಒರಗಿಸತೊಡಗಿದರು. ಹುಡುಗಿಯ ಅಪ್ಪ ಬಂದು ಕರೆದುಕೊಂಡು ಹೋದರು. ಲೈನ್‌ಮನ್ ಅಣ್ಣ ಚನ್ನಗಿರಿ ಬಸ್ಸಿಗೆ ಓಡಿದರು.

ಆ ಆಟದ ಹಾಳೆಯ ಕಾರ್ಬನ್ ಪ್ರತಿ ನನ್ನ ಬಳಿ ಇದೆ. ಎಡಗಡೆ ಬಿಳಿಯ ನಡೆಗಳು, ಬಲಗಡೆ ಕಪ್ಪಿನವು. 62ನೇ ಸಾಲಿನಲ್ಲಿ ಎಡಗಡೆ, ಬಿಳಿ ರಾಜ ನನ್ನ ಕುದುರೆಯನ್ನು ತೆಗೆದ ನಡೆ ಇದೆ. ಬಲಗಡೆಯ ಜಾಗ ಖಾಲಿ ಇತ್ತು. ಊರಿಗೆ ಬಂದ ರಾತ್ರಿ ಪೆನ್ಸಿಲ್ ತೆಗೆದುಕೊಂಡು ಆ ಜಾಗದಲ್ಲಿ ಬರೆದೆ: ರಾಜ, ಎಚ್-8.